ಬೇರು ಹಿಡಿದ ಮಣ್ಣು

ಲ್ಯಾಟಿನ್ ಭಾಷೆಯಲ್ಲಿ 'ಕೈಸ್ಪೆಸ್' ಎಂಬ ಪದವಿದೆ. ಅದು ಬರಿಯ ಹುಲ್ಲಲ್ಲ, ಬರಿಯ ಮಣ್ಣೂ ಅಲ್ಲ. ಬೇರು ಹಿಡಿದಿಟ್ಟ ಮಣ್ಣಿನ ಸಮೇತ ಕತ್ತರಿಸಿ ತೆಗೆದ ಹುಲ್ಲುಹೆಂಟೆ. ರೋಮಿನಲ್ಲಿ ಕ್ರಿ.ಪೂ. 42ರ ಯುದ್ಧದ ತರುವಾಯ ಸೈನಿಕರಿಗೆ ಹಂಚಲು ರೈತರ ಹೊಲಗಳನ್ನು ಕಿತ್ತುಕೊಂಡರು. ವರ್ಜಿಲ್ ಕವಿಯ ಕುರಿಗಾಹಿ ಗೀತೆಗಳಲ್ಲಿ ಮೊದಲನೆಯದರಲ್ಲಿ ಹಾಗೆ ಊರು ಬಿಡುವ ಮೆಲಿಬೀಯಸ್, ಇಂಥ ಹೆಂಟೆ ಹೊದಿಸಿದ ತನ್ನ ಬಡ ಗುಡಿಸಲನ್ನು ಮತ್ತೆ ಕಾಣುವೆನೇ ಎಂದು ಮರುಗುತ್ತಾನೆ. ಹೊರೇಸ್ ಕವಿಗೆ ಅದೇ ಹೆಂಟೆ ಪೂಜೆಯ ವೇದಿಕೆ.

ಬೇಸಾಯಗಾರನಿಗೆ ಹೆಚ್ಚು ಉಪಯೋಗದ ಮಾತು ಸಿಗುವುದು ಮಾತ್ರ ವೆಜಿಷಿಯಸ್‌ನ ಯುದ್ಧಶಾಸ್ತ್ರದಲ್ಲಿ. ಬಿಡಾರದ ಗೋಡೆಗೆ ಒಂದೂವರೆ ಅಡಿ ಉದ್ದ, 1 ಅಡಿ ಅಗಲ, ಅರ್ಧ ಅಡಿ ದಪ್ಪದ ಹೆಂಟೆ ಬೇಕು. ಮಣ್ಣು ಸಡಿಲವಾಗಿದ್ದರೆ ಇಟ್ಟಿಗೆಯಂತೆ ಕತ್ತರಿಸಲು ಬಾರದು ಎನ್ನುತ್ತಾನೆ. ಸ್ಕಾಟ್‌ಲೆಂಡಿನಲ್ಲಿ ಸುಮಾರು ಕ್ರಿ.ಶ. 142ರಲ್ಲಿ ರೋಮನರು ಬಹುಪಾಲು ಇಂಥ ಹೆಂಟೆಯಿಂದಲೇ ಕಟ್ಟಿದ ಆಂಟೊನೈನ್ ಗೋಡೆಯ ಭಾಗಗಳು ಇಂದಿಗೂ ಕಾಣುತ್ತವೆ. ಅಲ್ಲಿಯ ಮಳೆಯೇನು ಕಡಿಮೆಯೇ!

ನಮ್ಮಲ್ಲಿ ಬದುವನ್ನು ಬೇರುಸಹಿತ ಕೆತ್ತಿ ಚೊಕ್ಕಟ ಮಾಡುವುದೇ ಒಳ್ಳೆಯ ಬೇಸಾಯವೆಂಬ ಭಾವನೆ ಇದೆ. ನಾನು ಒಪ್ಪಲಾರೆ. ಕೆತ್ತಿದ ಬದುವಿನ ಮಣ್ಣು ಮೊದಲ ಬಿರುಮಳೆಗೇ ಹಳ್ಳ ಸೇರುತ್ತದೆ. ಗರಿಕೆ ಹೊಲಕ್ಕೆ ಹಬ್ಬೀತೆಂಬ ಅಂಜಿಕೆ ನ್ಯಾಯವೇ. ಆದರೆ ಹಬ್ಬದೆ, ಬುಡದಲ್ಲೇ ತೆಂಡೆಯೊಡೆದು ಗುಂಪಾಗಿ ಬೆಳೆಯುವ ಹುಲ್ಲುಗಳೂ ಇವೆ. ಸಸ್ಯಶಾಸ್ತ್ರ ಅವನ್ನು ಈ ಪದದಿಂದಲೇ 'ಸೆಸ್ಪಿಟೋಸ್' ಎಂದು ಕರೆಯುತ್ತದೆ. ಲಾವಂಚ ಅಂಥದು. ಗುಂಡ್ಲುಪೇಟೆ ಕಡೆ ಹೊಲದ ಗಡಿಗೆ ಅದನ್ನು ನೆಡುವ ರೂಢಿ ಹಳೆಯದು. ಬದುವಿಗೆ ಅದನ್ನು ಒತ್ತಾಗಿ ನೆಡಿ. ಎಳೆಯ ಗರಿಗಳನ್ನಷ್ಟೇ ಕೊಯ್ದು ದನಗಳಿಗೆ ಹಾಕಿ, ಬುಡಕ್ಕೆ ಗುದ್ದಲಿ ತಾಗಿಸಬೇಡಿ.