ಕಂಬಕ್ಕೆ ಮೊದಲು ಮಣ್ಣು ನೋಡಿ

ನಂದಿನಿ ಲೇಔಟ್ ಪಕ್ಕದ ಹೊರವರ್ತುಲ ರಸ್ತೆಯ ಮೂರನೇ ಹಂತದ ಮೆಟ್ರೊ ಮೇಲ್ಸೇತುವೆಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಂತೋಷ. ಆದರೆ ಕಂಬ ನಿಲ್ಲುವುದು ಒಪ್ಪಿಗೆ ಪತ್ರದ ಮೇಲಲ್ಲ, ಮಣ್ಣಿನ ಮೇಲೆ.

ಬೆಂಗಳೂರಿನ ನೆಲ ಒಂದೇ ಸಮ ಇಲ್ಲ. ಒಂದು ಕಡೆ ಮೇಲೇ ಬಂಡೆ, ಇನ್ನೊಂದು ಕಡೆ ರಾಜಕಾಲುವೆ ಬದಿಯ ತುಂಬುಮಣ್ಣು. ಅದಕ್ಕೇ ಗುಂಡಿ ಕೊರೆದು, 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬಿಟ್ಟು, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕೆಂದು ಎಣಿಸುತ್ತಾರೆ. ಮೇಲೆ ಬಂದ ಮಣ್ಣಿನ ತೇವ, ಬಲ, ಕುಸಿಯುವ ಗುಣವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ತಳಪಾಯದ ಆಳ ನಿರ್ಧಾರವಾಗುವುದು ಆ ಲೆಕ್ಕದಿಂದಲೇ.

ಅಂಗಡಿ ಮುಂದೆ ಯಂತ್ರ ನಿಂತರೆ ನಾಲ್ಕು ದಿನ ವ್ಯಾಪಾರ ಕೆಡುತ್ತೆ, ಸಹಿಸೋಣ. ಆದರೆ ಒಂದು ಗುಂಡಿ ಕೊರೆದು ‘ಉಳಿದದ್ದೂ ಹಾಗೇ’ ಎಂದು ಬರೆಯುವುದು ಬೇಡ. ಕಂಬಕ್ಕೊಂದು ಪರೀಕ್ಷೆ ಆಗಲಿ, ವರದಿ ಜನರ ಮುಂದೆ ಬರಲಿ. ಆ ಕಂಬದ ಕೆಳಗೆ ಬಸ್ ಕಾಯುವವರು ನಾವೇ ತಾನೆ?