ಬಾಟಲಿ ತುಂಬುವಾಗ ನಾವೆಲ್ಲಿದ್ದೆವು?



"ತಂಡಯಾರಪೇಟೆಯ ಮಣ್ಣಿಗೂ ಕನ್ನಡ ಕಾರ್ಮಿಕರ ಸಂಘಕ್ಕೂ ಏನು ಸಂಬಂಧ? ಸಂಬಳ, ಬೋನಸ್ಸು, ವಾರದ ರಜೆ, ಇಷ್ಟನ್ನು ನೋಡಿಕೊಂಡರೆ ಸಾಲದೇ?" ಎಂದು ನಮ್ಮ ಕೆಲವು ಹಿರಿಯ ಮಿತ್ರರು ಕೇಳುತ್ತಿದ್ದಾರೆ. ಕೇಳಲಿ. ದಿನವಿಡೀ ಗಿರಾಕಿಗಳ ಮುಂದೆ ನೀರಿನ ಲೋಟ ಇಟ್ಟು, ರಾತ್ರಿ 11ಕ್ಕೆ ಕೋಣೆಗೆ ಮರಳಿ, ನಾವು ಮೈಮೇಲೆ ಹೊಯ್ದುಕೊಳ್ಳುವುದು ಯಾವ ನೀರನ್ನು? ವಠಾರದ ಬೋರ್ ನೀರನ್ನಲ್ಲವೇ? ಬೋನಸ್ಸು ವರ್ಷಕ್ಕೊಮ್ಮೆ ಬರುತ್ತದೆ. ನೀರು ದಿನವೂ ಒಳಗೆ ಹೋಗುತ್ತದೆ.

ನಡೆದ ಸಂಗತಿಯನ್ನು ಮರೆತವರಿಗಾಗಿ ಹೇಳುತ್ತೇವೆ. 2013ರಲ್ಲಿ ತಂಡಯಾರಪೇಟೆಯ ಮನೆಗಳ ಬೋರ್ ನೀರಿನಲ್ಲಿ ಎಣ್ಣೆ ಬಂತು. ಬಂದರಿನಿಂದ ಅಲ್ಲಿನ ದಾಸ್ತಾನಿಗೆ ನೆಲದಡಿಯಲ್ಲಿ ಹಾದುಹೋಗುತ್ತಿದ್ದ ಭಾರತ್ ಪೆಟ್ರೋಲಿಯಂ ಕಂಪೆನಿಯ ಕೊಳವೆ ಸೋರಿತ್ತು. ಪ್ರಕರಣ ಹಸಿರು ನ್ಯಾಯಮಂಡಲಿಯ ಮೆಟ್ಟಿಲನ್ನೂ ಏರಿತು. ಸೋರಿಕೆಯನ್ನು ಮೊದಲು ಕಂಡವರು ಯಾವ ವಿಜ್ಞಾನಿಯೂ ಅಲ್ಲ, ಕೊಡ ಹಿಡಿದು ನಿಂತ ಹೆಂಗಸರು. ಮತ್ತೆ 2023ರ ಡಿಸೆಂಬರಿನಲ್ಲಿ, ಮಿಚೌಂಗ್ ಚಂಡಮಾರುತದ ನೆರೆಯ ಜತೆಗೆ, ಮಣಲಿಯ ಕಡೆಯಿಂದ ಎಣ್ಣೆ ಬಕಿಂಗ್‌ಹ್ಯಾಂ ಕಾಲುವೆಗಿಳಿದು ಎನ್ನೂರಿನ ಅಳಿವೆಯನ್ನು ಕಪ್ಪಾಗಿಸಿತು. ಬೆಸ್ತರು ಅದನ್ನು ಬರಿಗೈಯಲ್ಲಿ ಬಾಚಿದರು.

ಇಂಥದ್ದು ನಡೆದಾಗಲೆಲ್ಲ ಅಧಿಕಾರಿಗಳು ಹೇಳುವುದು ಒಂದೇ ಮಾತು: "ಪರೀಕ್ಷೆ ಮಾಡಿಸುತ್ತೇವೆ." ಮಾಡಿಸಲಿ, ಬೇಡವೆಂದವರಾರು? ಆದರೆ ಯಾವ ಪರೀಕ್ಷೆ? ಎಲ್ಲಿ? ಯಾರ ಕಣ್ಣೆದುರಿಗೆ? ನಮ್ಮ ಜಗಳ ಇರುವುದು ಇಲ್ಲಿಯೇ.

ಅಡಿಗೆಯ ಭಟ್ಟರನ್ನು ಕೇಳಿ. ಕೊಪ್ಪರಿಗೆಯ ಸಾಂಬಾರಿನಲ್ಲಿ ಸೌಟನ್ನು ತಳಕ್ಕಿಳಿಸಿ ತೆಗೆದರೆ ಬೇಳೆ ಬರುತ್ತದೆ, ಮೇಲೆ ತೇಲುವ ಒಗ್ಗರಣೆ ಬರುವುದಿಲ್ಲ. ನೆಲದೊಳಗಿನ ಎಣ್ಣೆಯ ಸಮಾಚಾರವೂ ಹೀಗೆಯೇ. ಪೆಟ್ರೋಲು, ಡೀಸೆಲು ನೀರಿಗಿಂತ ಹಗುರ. ಅಂತರ್ಜಲದ ನೆತ್ತಿಯ ಮೇಲೆ ಪದರವಾಗಿ ಕೂರುತ್ತವೆ. 20 ಅಡಿಯಲ್ಲಿ ನೀರಿರುವ ಕಡೆ 100 ಅಡಿಯ ಬೋರಿನಿಂದ ನೀರೆತ್ತಿ "ಎಣ್ಣೆ ಕಾಣಲಿಲ್ಲ" ಎಂದು ಬರೆದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಐಪ್ಪಸಿ ಮಳೆಗೆ ನೀರು ಮೇಲೇರುತ್ತದೆ, ಚಿತ್ತಿರೈ ಬಿಸಿಲಿಗೆ ಕೆಳಗಿಳಿಯುತ್ತದೆ. ಅದರೊಂದಿಗೆ ಎಣ್ಣೆಯೂ ಏರಿ ಇಳಿದು ನಡುವಿನ ಮಣ್ಣಿಗೆಲ್ಲ ಅಂಟಿಕೊಳ್ಳುತ್ತದೆ. ಸಮುದ್ರದ ಪಕ್ಕದಲ್ಲಾದರೋ ಉಬ್ಬರ ಇಳಿತದ ಕಾಟ ಬೇರೆ. ಹಾಗಿರುವಾಗ ಒಂದು ದಿನ ಬಂದು, ಒಂದು ಬಾಟಲಿ ತುಂಬಿಕೊಂಡು ಹೋಗುವುದಕ್ಕೆ ಪರೀಕ್ಷೆ ಎಂಬ ಹೆಸರು ಒಪ್ಪುತ್ತದೆಯೇ?

ಬಾಟಲಿಯ ಮಾತೂ ಅಷ್ಟೇ. ಎಣ್ಣೆಯಲ್ಲಿರುವ ಬೆಂಜೀನ್ ಎಂಬ ವಸ್ತು ರಕ್ತದ ಕ್ಯಾನ್ಸರ್ ತರತಕ್ಕದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಇಷ್ಟು ಅಲ್ಪ ಪ್ರಮಾಣ ಯಾವ ಮೂಗಿಗೂ ತಿಳಿಯದು. "ವಾಸನೆ ಹೋಯಿತು, ಇನ್ನು ಕುಡಿಯಿರಿ" ಎನ್ನುವವರನ್ನು ಅದಕ್ಕಾಗಿಯೇ ನಂಬಬೇಡಿ. ಈ ಬೆಂಜೀನು ತೆರೆದಿಟ್ಟ ಡಿಕಾಕ್ಷನ್ನಿನ ಪರಿಮಳದಂತೆ ಹಾರಿಹೋಗುತ್ತದೆ. ಗಾಜಿನ ಸೀಸೆಯನ್ನು ಗಾಳಿಗುಳ್ಳೆ ಇಲ್ಲದಂತೆ ಕಂಠಪೂರ್ತಿ ತುಂಬಿ, ಮೊಹರು ಹಾಕಿ, ಐಸಿನಲ್ಲಿಟ್ಟು ಒಯ್ಯಬೇಕು. ಅರೆ ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಬಿಸಿಲಲ್ಲಿ ಜೀಪಿನಲ್ಲಿಟ್ಟುಕೊಂಡು ಊರು ಸುತ್ತಿದರೆ ವರದಿ ತಾನಾಗಿಯೇ ಶುದ್ಧವಾಗುತ್ತದೆ!

ತನ್ನ ಮಗ್ಗದಿಂದಿಳಿದ ಬಟ್ಟೆಯನ್ನು ತಾನಿಲ್ಲದಾಗ ಅಳೆಯಲು ಮಿಲ್ಲಿನ ಯಾವ ನೇಕಾರ ಒಪ್ಪುತ್ತಾನೆ? ಅಳತೆ ಯಜಮಾನರ ಕೈಯಲ್ಲೇ ಇದ್ದರೆ ಗಜಕ್ಕೆ ಎಷ್ಟು ಅಂಗುಲವಾಗುತ್ತದೆಂಬುದು ನಮಗೆ ಗೊತ್ತು. ಕಂಪೆನಿ ದುಡ್ಡು ಕೊಡಲಿ, ಅದು ಅದರ ಹೊಣೆ. ಆದರೆ ಮಣ್ಣು ಅಗೆಯುವ ಜಾಗವನ್ನು ಕಂಪೆನಿಯೇ ಆರಿಸಬಾರದು. ಬೇಲಿಯೊಳಗೆ ಮಾತ್ರವಲ್ಲ, ಬೇಲಿಯಾಚೆ ನೀರು ಹರಿಯುವ ದಿಕ್ಕಿನಲ್ಲಿ, ಜನ ಮಲಗುವ ಬೀದಿಗಳಲ್ಲಿ ಅಗೆಯಬೇಕು. ವರದಿ ತಮಿಳಿನಲ್ಲಿ ಬೀದಿಯ ಗೋಡೆಗೆ ಅಂಟಬೇಕು. ಕನ್ನಡಕ್ಕೆ ನಾವೇ ಮಾಡಿಕೊಳ್ಳುತ್ತೇವೆ, ಅಷ್ಟು ಕಲಿತಿದ್ದೇವೆ.

ಇದೆಲ್ಲ ಓದಿದವರ ಕೆಲಸ ಎನ್ನುವವರಿಗೆ ಒಂದು ಮಾತು. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲಿನಲ್ಲಿ ರಾಸಾಯನಿಕ ಕಸ ಹೂತ ನೆಲದ ಮೇಲೆ ಶಾಲೆ ಎಬ್ಬಿಸಿದ್ದರು. 1978ರಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಮನೆ ಮನೆಯ ಬಾಗಿಲು ತಟ್ಟಿ ಕಾಯಿಲೆಗಳ ಲೆಕ್ಕ ಬರೆದಳು. ಅದೇ ವರ್ಷ ಆಗಸ್ಟಿನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ನಮ್ಮಲ್ಲಿಯೂ 2025ರ ಜುಲೈಯಲ್ಲಿ ಕೇಂದ್ರ ಸರಕಾರ ಕಲುಷಿತ ಸ್ಥಳಗಳ ಬಗ್ಗೆ ನಿಯಮಗಳನ್ನು ಹೊರಡಿಸಿದೆ. ಸಂಶಯದ ಜಾಗಗಳ ವರದಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ತಯಾರಿಸಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು. ಆದರೆ ನಮ್ಮ ಬೀದಿಯ ಹೆಸರು ಆ ವರದಿಗೆ ತಾನಾಗಿ ನಡೆದುಹೋಗುವುದಿಲ್ಲ. ತಂಡಯಾರಪೇಟೆ, ರಾಯಪುರಂ, ಎನ್ನೂರು ಕಡೆ ವಾಸವಿರುವ ಸದಸ್ಯರು ತಮ್ಮ ವಠಾರದ ಬೋರ್ ಎಷ್ಟು ಅಡಿ, ನೀರು ಯಾವ ತಿಂಗಳು ನಾರುತ್ತದೆ ಎಂಬುದನ್ನು ಬರೆದು ಸಂಘಕ್ಕೆ ತಲುಪಿಸಿ. ಅರ್ಜಿಯನ್ನು ನಾವು ಕೊಡುತ್ತೇವೆ. ಸೀಸೆ ತುಂಬಲು ಬರುವ ದಿನ ಇಬ್ಬರಾದರೂ ಪಕ್ಕದಲ್ಲಿ ನಿಂತಿರಬೇಕು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರಾದರೂ ಸರಿಯೇ.