ಸಂಡಿಗಿ ತೊಯ್ಲಿ ಬಿಡ್ರಿ, ವೈನಿ

ವೈಶಾಖ ಬಂತಂದ್ರ ನಮ್ಮ ಕಡೆ ಮಧ್ಯಾಹ್ನ ಸುಡೂ ಬಿಸಲು, ಸಂಜಿಗೆ ಗುಡುಗು-ಸಿಡ್ಲಿನ ಅಡ್ಡಮಳಿ. ಸಂಡಿಗಿ, ಶ್ಯಾವಿಗಿ, ಮೆಣಸಿನಕಾಯಿ ಎಲ್ಲಾ ಮಾಳಗಿ ಮ್ಯಾಲೆ ಹರವಿದ ದಿನಾನ ಅದು ಬರೂದು. ಮೊನ್ನೆ ಗುಡುಗು ಶುರು ಆಗೂದ ತಡ, ಎದುರ ಮನಿ ವೈನಿ ಮೊರ ಹಿಡಕೊಂಡು ಮ್ಯಾಲೆ ಓಡಿದ್ರು. "ಕೆಳಗ ಬರ್ರೀ ವೈನಿ" ಅಂತ ಕೂಗಿದ್ರ, "ನಮ್ಮ ಮನಿ ಮ್ಯಾಲೆ ಚೂಪನ ಕಂಬಿ ಅದಲ್ಲಾ, ಅದು ಸಿಡ್ಲು ಬರಗೊಡೂದಿಲ್ಲ" ಅಂದ್ರು.

ಈ ನಂಬಿಕಿ ಭಾಳ ಮನಿಯಾಗ ಅದ. ಇದನ್ನ ಬಿಡಬೇಕು ಅಂತ ನಾ ಹೇಳತೇನಿ.

ಚೂಪಿಗೆ ಒಂದು ಗುಣ ಇರೂದು ಖರೆ. ಗ್ಯಾಸ್ ಲೈಟರಿನ ಬಾಯಾಗ ಇಣಿಕಿ ನೋಡ್ರಿ, ನಡುವ ಸಣ್ಣ ಮೊಳಿ ಅದ. ಕಿಡಿ ಹಾರೂದು ಅದರ ತುದಿಯಿಂದ. ಎರಡು ಸಪಾಟ ತಗಡಿನ ನಡುವ ಗಾಳಿ ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ತಡಕೋತದ. ಚೂಪನ ತುದಿಯೊಳಗ ವಿದ್ಯುತ್ತಿನ ಜೋರು ಒಂದ ಕಡೆ ಕೂಡತದ. ಅದಕ್ಕ ಅಲ್ಲಿ ಗಾಳಿ ಲಗೂನ ಸೋಲತದ, ವಿದ್ಯುತ್ ಸಪ್ಪಳಿಲ್ಲದ ಸೋರತದ.

1750ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್ ಇದನ್ನ ನೋಡಿ, ಚೂಪನ ಕಂಬಿ ಮ್ವಾಡದ ವಿದ್ಯುತ್ತನ್ನ ಹಿಂಗ ಸೋರಿಸಿಬಿಟ್ರ ಸಿಡ್ಲ ಬೀಳೂದಿಲ್ಲ ಅಂತ ಆಸೆ ಮಾಡಿದ್ರು. ನಮ್ಮ ವೈನಿ ನಂಬಿದ್ದೂ ಅದನ್ನ. ಆದ್ರ ತುದಿಯಿಂದ ಸೋರೂದು ಚಮಚಾದಷ್ಟು, ಮ್ವಾಡದಾಗ ಇರೂದು ಕೆರಿಯಷ್ಟು. ಅಮೆರಿಕಾದ ನ್ಯೂ ಮೆಕ್ಸಿಕೋದ ಗುಡ್ಡದ ಮ್ಯಾಲೆ ವಿಜ್ಞಾನಿಗಳು ಏಳು ವರ್ಷ ಚೂಪನ ಕಂಬಿ, ಮೊಂಡ ಕಂಬಿ ಎರಡೂ ನಿಲ್ಲಿಸಿ ನೋಡಿದ್ರು. 12 ಮೊಂಡ ಕಂಬಿಗೆ ಸಿಡ್ಲು ಬಡೀತು, ಚೂಪನವಕ್ಕ ಒಮ್ಮೆನೂ ಇಲ್ಲ. ಅಂದ್ರ ಚೂಪನ ಕಂಬಿ ಸಿಡ್ಲನ್ನ ತಡೀಲಿಲ್ಲ, ತನ್ನ ಮ್ಯಾಲೂ ತಗೋಲಿಲ್ಲ. ಅದು ಬಾಜೂಕ ಹೋಗಿ ಬಿತ್ತು!

ಕಂಬಿಯ ಖರೆ ಕೆಲಸ ಬ್ಯಾರೆ ಅದ. ಬೀಳೂ ಸಿಡ್ಲನ್ನ ಹಿಡದು, ತಾಮ್ರದ ಪಟ್ಟಿಯಿಂದ ನೆಲಕ್ಕ ಮುಟ್ಟಿಸೂದು. ನಮ್ಮ ಮನೀಗೆ ಬಣ್ಣಾ ಹಚ್ಚಿದವ್ರು ಆ ಪಟ್ಟಿ ಬಿಚ್ಚಿ ಹಂಗ ಬಿಟ್ಟು ಹೋಗಿದ್ರು. ಎರಡು ವರ್ಷ ನಾವು ಮ್ಯಾಲಿನ ಚೂಪಷ್ಟ ನೋಡಿ ನಿಶ್ಚಿಂತಿ ಇದ್ವಿ. ಬೇರಿಲ್ಲದ ಕಂಬಿ ಇದ್ದೂ ಇಲ್ಲದಂಗ, ಇನ್ನೂ ಅಪಾಯನ. ಮಳಿಗಾಲದ ಮೊದಲ ಪಟ್ಟಿ ಎಲ್ಲೂ ಹರೀದ ನೆಲದ ತನಕಾ ಹೋಗೇದೇನು ಅಂತ ಬಲ್ಲವ್ರ ಕಡೆ ತೋರಸ್ರಿ.

ಪಟ್ಟಿ ಸರಿ ಇದ್ರೂ, ಅದು ಮನಿ ಕಾಯೂದು, ಮಾಳಗಿ ಮ್ಯಾಲೆ ನಿಂತವ್ರನ್ನಲ್ಲ. ಬಯಲಾಗ ಮೊರ ಎತ್ತಿ ನಿಂತ್ರ ಅಲ್ಲಿ ನಾವೂ ಒಂದು ಕಂಬಿನ, ಅದೂ ಪಟ್ಟಿ ಇಲ್ಲದ ಕಂಬಿ. ಗುಡುಗು ಕೇಳಿದ್ರ ಕೆಳಗ ಇಳೀರಿ, ಕಡೀ ಗುಡುಗು ಕೇಳಿ 30 ನಿಮಿಷ ಆಗೂ ತನಕಾ ಹತ್ತಬ್ಯಾಡ್ರಿ.

ಸಂಡಿಗಿ ತೊಯ್ದ್ರ ತೊಯ್ಲಿ. ಮತ್ತ ಹಿಟ್ಟು ಕುದಸೂಣು, ಒತ್ತಲಿಕ್ಕೆ ನಾನೂ ಬರತೇನಿ.